ಹದಿನೈದು ಎಸಳಿನ ಸೇವಂತಿಗೆ

ಮರ್ವಿನ್ ಟಗ್ವೆಲ್ ನಮ್ಮ ವಾರಂಬಿಲ್ ಪುರಸಭೆಯಲ್ಲಿ ಇಪ್ಪತ್ತಾರು ವರ್ಷಗಳಿಂದ ನೀರಿನ ಮೀಟರ್ ಓದುತ್ತಿದ್ದಾನೆ. ಇನ್ನೂ ಪೂರ್ತಿ ಓದಲು ಬಂದಿಲ್ಲವೆಂದು ಊರವರ ಅಭಿಪ್ರಾಯ. ಒಮ್ಮೆ ಪಾದ್ರಿಗಳ ಮನೆಯ ಮೀಟರನ್ನು ಅವನು ಹೇಗೆ ಓದಿದನೆಂದರೆ, ಪಾದ್ರಿಗಳು ಬಂದ ಭಾನುವಾರ ನೋಹನ ಜಲಪ್ರಳಯದ ಅಧ್ಯಾಯವನ್ನೇ ಎತ್ತಿಕೊಂಡರು. ಮರ್ವ್ ಮುಂದಿನ ಸಾಲಿನಲ್ಲಿ ಕೂತು ಭಕ್ತಿಯಿಂದ ತಲೆದೂಗಿದ. ತಪ್ಪು ಎಲ್ಲರೂ ಮಾಡುತ್ತಾರೆ. ಆದರೆ ತಪ್ಪು ಮಾಡುವಾಗ ಮರ್ವನಿಗೆ ಇರುವಷ್ಟು ಧೈರ್ಯ ಈ ಕ್ವೀನ್ಸ್‌ಲ್ಯಾಂಡ್ ಸೀಮೆಯಲ್ಲಿ ಇನ್ನೊಬ್ಬನಿಗಿಲ್ಲ.

ನಾನು ಕ್ಲೆಮ್ ಬಾಡ್ಕಿನ್, ಅವನ ಪಕ್ಕದ ಮನೆಯವನು, ನಿವೃತ್ತ ಪೋಸ್ಟ್ ಮಾಸ್ತರ. ಜೊತೆಗೆ ವಾರಂಬಿಲ್ ಜಪಾನೀ ಬಂದೂಕು ಸಂಗ್ರಾಹಕರ ಸಂಘದ ಕಾರ್ಯದರ್ಶಿ. ನಮ್ಮ ಸಂಘದಲ್ಲಿ ಇಪ್ಪತ್ತೆರಡು ಜನ ಸದಸ್ಯರು, ಒಂದೇ ಹುಚ್ಚು. ಜಪಾನೀ ಸೈನ್ಯದ ನೂರು ವರ್ಷ ಹಳೆಯ ಅರಿಸಾಕಾ ಬಂದೂಕುಗಳು. ನಮ್ಮ ಅಪ್ಪಂದಿರು, ಚಿಕ್ಕಪ್ಪಂದಿರು ಯುದ್ಧಕಾಲದಲ್ಲಿ ನ್ಯೂಗಿನಿಯ ಕೆಸರಿನಿಂದ ಹೊತ್ತು ತಂದು ಹಾಲು ಕರೆಯುವ ಕೊಟ್ಟಿಗೆಯ ಮೂಲೆಗೆ ಆನಿಸಿ ಮರೆತವು.

ಇದು ಅಂಚೆಚೀಟಿ ಕೂಡಿಡುವಂಥ ಸುಲಭದ ಹವ್ಯಾಸವಲ್ಲ. ಪೊಲೀಸರ ಪರವಾನಗಿ ಬೇಕು. ಪರವಾನಗಿ ಉಳಿಯಬೇಕಾದರೆ ಸಂಘದ ಸದಸ್ಯನಾಗಿರಬೇಕು. ಸದಸ್ಯತ್ವ ಹೋಯಿತೋ, ಪರವಾನಗಿಯೂ ಹೋಯಿತು. ಬಂದೂಕುಗಳು ಪೊಲೀಸ್ ಠಾಣೆಗೆ, ಅಲ್ಲಿಂದ ಕರಗಿಸಲು ಬ್ರಿಸ್ಬೇನಿನ ಕುಲುಮೆಗೆ. ಇನ್ನೊಂದು ವಿಷಯ ಸೇವಂತಿಗೆ. ಈ ಬಂದೂಕುಗಳ ನಳಿಗೆಯ ಬುಡದಲ್ಲಿ ಉಗುರಿನಷ್ಟು ದೊಡ್ಡ ಸೇವಂತಿಗೆ ಹೂವಿನ ಮುದ್ರೆಯಿದೆ, ಅದು ಜಪಾನಿನ ಚಕ್ರವರ್ತಿಯ ಗುರುತು. ಯುದ್ಧ ಮುಗಿದ ಮೇಲೆ ಸೋತ ಜಪಾನೀಯರು ಒಪ್ಪಿಸಿದ ಬಂದೂಕುಗಳಲ್ಲಿ ಆ ಹೂವನ್ನು ಉಜ್ಜಿ ಅಳಿಸಿಬಿಟ್ಟರು. ಆದ್ದರಿಂದ ಹೂವಿರುವ ಬಂದೂಕಿನ ಯಜಮಾನ ಎದೆಯುಬ್ಬಿಸಿ ನಡೆಯುತ್ತಾನೆ. ಹೂವಿಲ್ಲದ್ದನ್ನು ನಾವು ‘ಬೋಳು’ ಎನ್ನುತ್ತೇವೆ. ಸಂಘದ ಅತಿ ಹಿರಿಯ ಸದಸ್ಯ ಆರ್ಚ್ ಪೆಡ್ಲಿಯ ಹತ್ತಿರ ಇರುವುದು ಒಂದೇ ಒಂದು ಬಂದೂಕು, ಅದೂ ಬೋಳು. ಹಾಗಾಗಿ ಸಭೆಯಲ್ಲಿ ಅವನನ್ನು ಬಾಗಿಲ ಪಕ್ಕ, ಗಾಳಿ ಹೊಡೆಯುವ ಕುರ್ಚಿಯಲ್ಲಿ ಕೂರಿಸುವುದು ವಾಡಿಕೆ.

ಆ ಹೂವಿಗೆ ಹದಿನಾರು ಎಸಳು. ಅದು ಎಲ್ಲ ಪುಸ್ತಕದಲ್ಲೂ ಇದೆ, ಎಲ್ಲ ಸಂಗ್ರಾಹಕರಿಗೂ ಗೊತ್ತು. ಗೊತ್ತಿರುವುದನ್ನು ಎಣಿಸುವ ದಡ್ಡ ಯಾರಿದ್ದಾನೆ? ನಮ್ಮಲ್ಲಿ ಒಬ್ಬನಿದ್ದ.

ಒಂದು ಶನಿವಾರ ಬೆಳಿಗ್ಗೆ ಬೇಲಿಯ ಆಚೆಯಿಂದ ಕೂಗು ಕೇಳಿಸಿತು.

“ಕ್ಲೆಮ್! ಕೈಯಲ್ಲಿರೋದು ಬಿಟ್ಟು ಬಾ! ಏನಿದೆ ಕೈಯಲ್ಲಿ?”

“ಹಲ್ಲುಜ್ಜೋ ಬ್ರಶ್ಶು.”

“ಅದನ್ನೂ ಬಿಟ್ಟು ಬಾ!”

ಹೋದೆ. ಅಡುಗೆಮನೆಯ ಮೇಜಿನ ಮೇಲೆ ಹಳೆ ಕಂಬಳಿ, ಕಂಬಳಿಯ ಮೇಲೆ ಹೋದ ತಿಂಗಳು ಒಂದು ಹಾಲಿನ ಫಾರ್ಮಿನ ಹರಾಜಿನಲ್ಲಿ ಅವನು ತಂದ ಅರಿಸಾಕಾ. ಮರ್ವನ ಒಂದು ಕೈಯಲ್ಲಿ ಭೂತಗನ್ನಡಿ, ಇನ್ನೊಂದರಲ್ಲಿ ನಮ್ಮ ಸಂಘದ ನಿಯಮ ಪುಸ್ತಕ. ಮೇಜಿನ ಆ ಕಡೆ ಅವನ ಹೆಂಡತಿ ನೋಲೀನ್ ಕ್ರೋಶಾ ಹಾಕುತ್ತ ಕೂತಿದ್ದಳು. ನೋಲೀನ್ ಕ್ರೋಶಾ ಹಾಕದೆ ಕೂತದ್ದನ್ನು ನಾನು ಒಮ್ಮೆ ಮಾತ್ರ ನೋಡಿದ್ದೇನೆ, ಅದು ಅವಳ ಮದುವೆಯ ದಿನ.

“ಹನ್ನೊಂದನೇ ನಿಯಮದ ಪ್ರಕಾರ ಎಣಿಸಿದೆ,” ಎಂದ ಮರ್ವ್. “ಹದಿನೈದು!”

ಹನ್ನೊಂದನೇ ನಿಯಮವನ್ನು ಬರೆದವರು ಸಂಘದ ಸಂಸ್ಥಾಪಕರು, ಈಗ ದಿವಂಗತರು. ಕಣ್ಣು ಮಂಜಾದ ಅವರಿಗೆ ಸಣ್ಣ ಹೂವಿನ ಸುತ್ತ ಎಣಿಸುವಾಗ ಎಲ್ಲಿಂದ ಹೊರಟೆ ಎನ್ನುವುದೇ ಮರೆತುಹೋಗುತ್ತಿತ್ತಂತೆ. ಅದಕ್ಕೆ ಅವರು ಕಂಡುಕೊಂಡ ಉಪಾಯವನ್ನು ಕೈಬರಹದ ಪುಸ್ತಕದಿಂದ ನಾನೇ ಟೈಪು ಮಾಡಿ ಎಲ್ಲರಿಗೂ ಹಂಚಿದ್ದೆ: ಮೇಲ್ತುದಿಯ ಎಸಳಿಗೆ ಜೇನುಮೇಣದ ಬೊಟ್ಟಿಡಬೇಕು. ಬೊಟ್ಟಿನ ಬಲಗಡೆಯ ಎಸಳಿನಿಂದ ಎಣಿಸುತ್ತ ಹೊರಡಬೇಕು. ಬೊಟ್ಟು ಸಿಕ್ಕಿದ ಕೂಡಲೇ ನಿಲ್ಲಬೇಕು. ಇಪ್ಪತ್ತು ವರ್ಷದಲ್ಲಿ ಈ ನಿಯಮವನ್ನು ಬಳಸಿದ ಮೊದಲ ಸದಸ್ಯ ಮರ್ವ್.

ನಾನು ಕನ್ನಡಕ ಏರಿಸಿ ಬಗ್ಗಿದೆ. ಮೇಣದ ಬೊಟ್ಟು ನೆಟ್ಟಗೆ ಮೇಲ್ತುದಿಯಲ್ಲಿ ಕೂತಿತ್ತು. ಬಲಗಡೆಯಿಂದ ಹೊರಟೆ. ಸುತ್ತಿ ಬಂದೆ. ಹದಿನೈದು. ಇನ್ನೊಮ್ಮೆ ಸುತ್ತಿದೆ. ಹದಿನೈದು.

“ಜಗತ್ತಿನಲ್ಲಿ ಇದೊಂದೇ ಇರಬೇಕು ಕಣೋ,” ಎಂದೆ.

“ಇರಬೇಕು ಅಲ್ಲ. ಇದೊಂದೇ,” ಎಂದ ಮರ್ವ್.

ನೋಲೀನ್ ಕ್ರೋಶಾ ಕೆಳಗಿಟ್ಟು, ಭೂತಗನ್ನಡಿ ತೆಗೆದುಕೊಂಡು ಹೂವನ್ನು ನೋಡಿದಳು. ಏನೋ ಹೇಳಲು ಬಾಯಿ ತೆರೆದಳು. ಆಮೇಲೆ ಮರ್ವನ ಮುಖ ನೋಡಿದಳು. “ಟೀ ಆರ್ತಿದೆ, ಕುಡಿ,” ಎಂದು ಮತ್ತೆ ಕ್ರೋಶಾ ಎತ್ತಿಕೊಂಡಳು. ಹೆಂಗಸರಿಗೆ ಚರಿತ್ರೆಯಲ್ಲಿ ಆಸಕ್ತಿ ಕಡಿಮೆ ಎಂದು ನಾನು ಆಗ ಅಂದುಕೊಂಡೆ.

ಮಂಗಳವಾರ ಸಂಘದ ಸಭೆ. ಅಧ್ಯಕ್ಷರು ಡಾಕ್ಟರ್ ಐವರ್ ಪ್ರಿಂಗಲ್, ನಿವೃತ್ತ ಹಲ್ಲಿನ ಡಾಕ್ಟರು. ಊರಿನ ಅರ್ಧ ಜನರ ಬಾಯೊಳಗಿನ ಗುಟ್ಟು ಬಲ್ಲವರು. ಅವರ ಹತ್ತಿರ ಹದಿನಾಲ್ಕು ಅರಿಸಾಕಾಗಳಿವೆ, ಎಲ್ಲದಕ್ಕೂ ಹೂವಿದೆ, ಒಂದೂ ಬೋಳಿಲ್ಲ. ಅವರು ಹಣೆಗೆ ದೀಪ ಕಟ್ಟಿಕೊಂಡು, ಹಲ್ಲು ಕೆದಕುವ ಸಣ್ಣ ಕೊಕ್ಕೆ ಹಿಡಿದು, ಮೇಣದ ಬೊಟ್ಟಿಟ್ಟಿದ್ದ ಮರ್ವನ ಬಂದೂಕಿನ ಮೇಲೆ ಬಗ್ಗಿದರು. ನನ್ನ ಕೈ ಅಭ್ಯಾಸಬಲದಿಂದ ದವಡೆಗೆ ಹೋಯಿತು.

“ಹದಿನೈದು,” ಎಂದರು ಡಾಕ್ಟರು. ಹಲ್ಲು ಕೀಳಬೇಕು ಎಂದು ಹೇಳುವ ಅದೇ ದನಿ.

ಚಪ್ಪಾಳೆಯೋ ಚಪ್ಪಾಳೆ. ಮರ್ವ್ ಎದ್ದು ನಿಂತ.

“ಏನಾಗಿದೆ ಅಂತ ನಾನು ಹೇಳ್ತೀನಿ ಕೇಳಿ. ಟೋಕಿಯೋ ಕಾರ್ಖಾನೆ. ಸಂಜೆ ಹೊತ್ತು. ಒಬ್ಬ ಕೆತ್ತನೆಗಾರ ಹದಿನೈದು ಎಸಳು ಕೆತ್ತಿ ಮುಗಿಸಿದಾನೆ. ಗಂಟೆ ಹೊಡೀತು. ಉಳಿದಿದ್ದು ನಾಳೆ ನೋಡ್ಕೊಳ್ಳೋಣ ಅಂತ ಎದ್ದು ಹೋದ. ನಾಳೆ ಬರಲೇ ಇಲ್ಲ.”

“ಅದು ಕೆತ್ತೋದಲ್ಲಯ್ಯಾ, ಅಚ್ಚು ಒತ್ತೋದು,” ಎಂದರು ಡಾಕ್ಟರು.

“ಹಾಗಾದ್ರೆ ಅಚ್ಚು ಕೆತ್ತಿದೋನು ಎದ್ದು ಹೋದ.”

“ನಿನ್ನ ಹತ್ರ ಇರೋ ಬೇರೆ ಬಂದೂಕು ಎಣಿಸಿದ್ಯಾ?” ಎಂದು ಬಾಗಿಲ ಪಕ್ಕದಿಂದ ಆರ್ಚ್ ಪೆಡ್ಲಿ ಕೇಳಿದ.

“ಅವು ಹದಿನಾರೇ ಇರೋವಾಗ ಎಣಿಸೋದೇನು ಆರ್ಚ್?” ಎಂದ ಮರ್ವ್. ಎಲ್ಲರೂ ನಕ್ಕರು. ಬೋಳು ಬಂದೂಕಿನವನಿಗೆ ಎಸಳಿನ ವಿಷಯ ಏನು ಗೊತ್ತು?

ಸಭೆ ಮುಗಿದ ಮೇಲೆ ಡಾಕ್ಟರು ಮರ್ವನ ಹೆಗಲ ಮೇಲೆ ಕೈ ಹಾಕಿದರು. ಅವರು ಕೈ ಹಾಕಿದರೆ ಏನೋ ಕಿತ್ತುಕೊಳ್ಳುತ್ತಾರೆಂದೇ ಅರ್ಥ. ತಮ್ಮ ಎರಡು ಬಂದೂಕು ಕೊಡುತ್ತೇನೆ, ಮೂರು ಕೊಡುತ್ತೇನೆ, ಅದೊಂದು ಕೊಟ್ಟುಬಿಡು ಎಂದರು. ಮರ್ವ್ ಒಪ್ಪಲಿಲ್ಲ. ಕಡಲೆ ಇದ್ದವನಿಗೆ ಹಲ್ಲಿಲ್ಲ ಎನ್ನುತ್ತಾರೆ. ನಮ್ಮ ಡಾಕ್ಟರಿಗೆ ಎರಡೂ ಇದ್ದವು, ಹದಿನೈದು ಎಸಳಿನ ಬಂದೂಕೊಂದು ಇರಲಿಲ್ಲ. ಅದೇ ಅವರ ಊಟ ನಿದ್ದೆ ಕೆಡಿಸಿತು.

ಮರ್ವನ ಫೋಟೋ ಊರಿನ ವಾರಪತ್ರಿಕೆಯ ಮೊದಲ ಪುಟದಲ್ಲಿ ಬಂತು. ಅದೇ ಪುಟದಲ್ಲಿ ಬಹುಮಾನ ಗೆದ್ದ ಹೋರಿಯ ಫೋಟೋ ಕೂಡ ಇತ್ತು, ಆದರೆ ಅದು ಕೆಳಗೆ. ಬೇಕರಿಯ ಮೈರಾ ‘ಟಗ್ವೆಲ್ ಕೇಕು’ ಎಂದು ಸೇವಂತಿಗೆಯ ಆಕಾರದ ಕೇಕು ಮಾಡಿ ಗಾಜಿನ ಪೆಟ್ಟಿಗೆಯಲ್ಲಿಟ್ಟಳು. ಎರಡನೇ ದಿನ ಅವಳೇ ಮರ್ವನನ್ನು ರಸ್ತೆಯಲ್ಲಿ ತಡೆದು ಜಗಳ ತೆಗೆದಳು.

“ಅಲ್ಲ ಮಾರಾಯ, ಹದಿನಾರಾಗಿದ್ರೆ ಅರ್ಧ, ಅರ್ಧದಲ್ಲಿ ಅರ್ಧ ಅಂತ ಕತ್ತರಿಸ್ತಾ ಹೋಗ್ಬೋದಿತ್ತು. ದುಂಡಗಿರೋದನ್ನ ಹದಿನೈದು ಮಾಡೋದು ಹೇಗೆ ಹೇಳು! ನಿನ್ನ ಜಪಾನಿನೋನಿಗೆ ತಲೆ ಕೆಟ್ಟಿತ್ತಾ?”

“ಅದಕ್ಕೇ ಅಲ್ವಾ ಮೈರಾ ಅದು ಅಪರೂಪ,” ಎಂದ ಮರ್ವ್.

ನೋಲೀನಳ ಅಣ್ಣ ರಾಯ್ಸ್ ಟೂವೂಂಬಾ ಪಟ್ಟಣದಿಂದ ಬಂದಿಳಿದ. ಅವನಿಗೆ ಗೊತ್ತಿಲ್ಲದ ವಿಷಯ ಭೂಮಿಯ ಮೇಲಿಲ್ಲ.

“ಒಂದು ಎಸಳು ಉದುರಿ ಹೋಗಿದೆ ಕಣೋ, ಅಷ್ಟೇ,” ಎಂದ.

“ಉಕ್ಕಿನ ಹೂವು ಉದುರತ್ತಾ ಭಾವಾ?”

“ನೂರು ವರ್ಷ ಆಯ್ತಲ್ಲ. ನನಗೆ ಅರವತ್ತಕ್ಕೇ ಎಲ್ಲ ಉದುರಿಲ್ವಾ?” ಎಂದು ರಾಯ್ಸ್ ಟೋಪಿ ತೆಗೆದು ಸಾಕ್ಷಿ ತೋರಿಸಿದ.

ಇಪ್ಪತ್ತಾರು ವರ್ಷ ಹಿತ್ತಲಿನಿಂದ ಒಳಗೆ ಕರೆಯದ ಮನೆಗಳಲ್ಲಿ ಈಗ ಮರ್ವನಿಗೆ ಮುಂಬಾಗಿಲಿನಿಂದ ಸ್ವಾಗತ. ಕುರ್ಚಿ, ಟೀ, ಬಿಸ್ಕತ್ತು. ಅವನು ಎರಡು ಮನೆಯ ಮೀಟರು ಓದುವಷ್ಟರಲ್ಲಿ ಮಧ್ಯಾಹ್ನವಾಗುತ್ತಿತ್ತು. ಆ ತಿಂಗಳು ಬೀದಿಗೆ ಬೀದಿಯೇ ಮೀಟರು ಓದದೆ ಉಳಿಯಿತು. ಹೀಗಾಗಿ ಲೆಕ್ಕದಲ್ಲಿ ಒಂದೂ ತಪ್ಪು ಸಿಗಲಿಲ್ಲ, ಪುರಸಭೆಯವರು ಅವನಿಗೆ ಮೆಚ್ಚುಗೆಯ ಪತ್ರ ಕೊಟ್ಟರು.

ಮೂರನೇ ವಾರ ಡಾಕ್ಟರು ನನ್ನ ಮನೆಗೆ ಬಂದರು. ಕೂರಲಿಲ್ಲ.

“ಕ್ಲೆಮ್, ಚಕ್ರವರ್ತಿಯ ಹೂವಿಗೆ ಎಷ್ಟು ಎಸಳು?”

“ಹದಿನಾರು.”

“ಹದಿನೈದು ಎಸಳಿನ ಹೂವು ಯಾರದ್ದು?”

ನನಗೆ ಹೊಳೆಯಲಿಲ್ಲ.

“ಖೋಟಾ ಮಾಡಿದೋನದ್ದು! ಬೋಳು ಬಂದೂಕಿನ ಮೇಲೆ ಯಾವನೋ ಗ್ಯಾರೇಜಿನಲ್ಲಿ ಕೂತು ಹೂವು ಕೊರೆದಿದಾನೆ. ಎಣಿಸೋಕೆ ಬಾರದ ಖದೀಮ. ನಿಮ್ಮ ಮರ್ವ್ ಅದನ್ನ ಊರಿಗೆಲ್ಲ ಮೆರೆಸ್ತಿದಾನೆ. ಹತ್ತೊಂಬತ್ತನೇ ನಿಯಮ ಓದು.”

ಓದಿದೆ. ಖೋಟಾ ಮುದ್ರೆಯ ಬಂದೂಕನ್ನು ಸಂಘದ ಪ್ರದರ್ಶನದಲ್ಲಿ ಇಟ್ಟ ಸದಸ್ಯನ ಸದಸ್ಯತ್ವ ಅದೇ ಕ್ಷಣ ರದ್ದು. ಮತಕ್ಕೆ ಹಾಕಬೇಕಾಗಿಲ್ಲ, ಕ್ಷಮೆಗೆ ಅವಕಾಶವಿಲ್ಲ.

“ಬರೋ ಭಾನುವಾರ ನಮ್ಮ ವಾರ್ಷಿಕ ಪ್ರದರ್ಶನ,” ಎಂದು ಡಾಕ್ಟರು ಬಾಗಿಲು ಹಾಕಿಕೊಂಡು ಹೋದರು.

ನಾನು ಬೇಲಿ ಹಾರಿ ಓಡಿದೆ. ಹಾರಿದೆ ಎಂದರೆ ಗೇಟು ತೆಗೆದುಕೊಂಡು ಹೋದೆ, ಆದರೆ ಬೇಗ ಹೋದೆ. ಅಷ್ಟರಲ್ಲಿ ಠಾಣೆಯ ಡೆಸ್ಲಿ ಹೂಪರ್ ಅಲ್ಲಿ ಬಂದು ಕೂತಿದ್ದಳು. ಡೆಸ್ಲಿ ನಮ್ಮ ಕಣ್ಣೆದುರು ಬೆಳೆದ ಹುಡುಗಿ, ಈಗ ಹಿರಿಯ ಕಾನ್‌ಸ್ಟೇಬಲ್. ಡಾಕ್ಟರು ಅವಳಿಗೂ ಹೇಳಿಬಿಟ್ಟಿದ್ದರು.

“ಮರ್ವ್, ನನ್ನ ಮಾತು ಕೇಳಿ,” ಎಂದಳು ಡೆಸ್ಲಿ. “ಆ ಒಂದು ಬಂದೂಕನ್ನ ಭಾನುವಾರ ತರಬೇಡಿ. ಪೆಟ್ಟಿಗೇಲೇ ಇರಲಿ. ಸದಸ್ಯತ್ವ ಹೋದ್ರೆ ನಿಮ್ಮ ಪರವಾನಗೀನ ನಾನು ವಾಪಸ್ ತಗೋಬೇಕು. ಆಗ ಒಂದಲ್ಲ, ನಿಮ್ಮ ಒಂಬತ್ತೂ ಹೋಗತ್ತೆ. ನನಗೆ ಬೇರೆ ದಾರಿ ಇಲ್ಲ.”

“ತರದೆ ಇದ್ರೆ ಏನಂತ ಅರ್ಥ ಡೆಸ್ಲಿ? ಹೆದರಿದ ಅಂತ. ನಂದು ಅಸಲಿ. ಅವ್ರು ಎಲ್ಲಾ ಒಂಬತ್ತೂ ತರಲಿ ಅಂದ್ರೆ ಒಂಬತ್ತೂ ತರ್ತೀನಿ.”

“ಒಂಬತ್ತೂ ತನ್ನಿ ಅಂತ ಯಾರೂ ಹೇಳಿಲ್ಲ!”

“ಆದ್ರೂ ತರ್ತೀನಿ.”

ನಾನು ನೋಲೀನಳ ಕಡೆ ತಿರುಗಿದೆ. ಅವಳು ಕ್ರೋಶಾದ ಸುತ್ತು ಎಣಿಸುತ್ತಿದ್ದಳು. ಅವಳ ಹೊಲಿಗೆ ಕೋಣೆಯಲ್ಲೇ ಮರ್ವ್ ಬಂದೂಕಿನ ಉಕ್ಕಿನ ಪೆಟ್ಟಿಗೆಗಳನ್ನು ನೆಲಕ್ಕೆ ಬಿಗಿಸಿದ್ದು. ಹನ್ನೊಂದು ವರ್ಷದಿಂದ ಅವಳ ಹೊಲಿಗೆ ಯಂತ್ರ ಬಚ್ಚಲಿನ ಪಕ್ಕದ ಓಣಿಯಲ್ಲಿದೆ. ಬಂದೂಕು ಹೋದರೆ ಕೋಣೆ ಅವಳದ್ದಾಗುತ್ತದೆ, ಅದಕ್ಕೇ ಬಾಯಿ ಬಿಡುತ್ತಿಲ್ಲ ಎಂದು ನನಗೆ ಅನುಮಾನ ಬಂತು. ಇಂಥ ವಿಷಯದಲ್ಲಿ ನನ್ನ ಅನುಮಾನ ಯಾವತ್ತೂ ಸರಿಯಾಗಿದ್ದಿಲ್ಲ ಎಂಬುದನ್ನು ಓದುಗರು ಗಮನಿಸಬೇಕು.

ಭಾನುವಾರ ಮಧ್ಯಾಹ್ನ ಸಾರ್ವಜನಿಕ ಸಭಾಂಗಣಕ್ಕೆ ಊರಿಗೆ ಊರೇ ಬಂದಿತ್ತು. ಬಂದೂಕು ನೋಡಲು ಯಾವ ವರ್ಷವೂ ಹನ್ನೆರಡು ಜನರಿಗಿಂತ ಹೆಚ್ಚು ಬಂದಿರಲಿಲ್ಲ. ಒಬ್ಬನ ಮಾನ ಹೋಗುವುದನ್ನು ನೋಡಲು ಮುನ್ನೂರು ಜನ ಬಂದರು, ಜೊತೆಗೆ ಮಡಚುವ ಕುರ್ಚಿ ತಂದರು. ಉದ್ದನೆಯ ಮೇಜುಗಳ ಮೇಲೆ ಸದಸ್ಯರ ಹೂವಿನ ಬಂದೂಕುಗಳು ಸಾಲಾಗಿ ಮಲಗಿದ್ದವು. ಕಾನೂನಿನ ಪ್ರಕಾರ, ಗುಂಡು ಹಾರದಂತೆ, ಅವುಗಳ ಬೋಲ್ಟುಗಳೆಲ್ಲ ಕಳಚಿ ಬೇರೆ ಡಬ್ಬದಲ್ಲಿದ್ದವು. ಹಿಂದಿನ ಅಡುಗೆಮನೆಯಿಂದ ಹೆಂಗಸರು ಬಿಸಿ ಸ್ಕೋನು ಬನ್ನು, ಜಾಮು, ಕೊಬ್ಬರಿ ಹೊದಿಸಿದ ಲ್ಯಾಮಿಂಗ್ಟನ್ ಕೇಕು ತಂದು ತಂದು ಇಡುತ್ತಿದ್ದರು. ಹೊರಗೆ ಡೆಸ್ಲಿಯ ವ್ಯಾನು ಹಿಂಬಾಗಿಲು ತೆರೆದುಕೊಂಡು ನಿಂತಿತ್ತು.

ಡಾಕ್ಟರು ಭಾಷಣ ಶುರುಮಾಡಿದರು. ನಂಬಿಕೆ, ಪ್ರಾಮಾಣಿಕತೆ, ಸಂಸ್ಥಾಪಕರ ಆತ್ಮ. ಸಂಸ್ಥಾಪಕರ ಫೋಟೋ ಗೋಡೆಯ ಮೇಲಿಂದ ಮಂಜುಗಣ್ಣಿನಲ್ಲಿ ನೋಡುತ್ತಿತ್ತು. ಕೊನೆಗೆ ಮರ್ವನ ಬಂದೂಕಿಗೆ ಮೇಣದ ಬೊಟ್ಟಿಟ್ಟು, ಎಲ್ಲರಿಗೂ ಕೇಳುವಂತೆ ಎಣಿಸಿದರು. ಹದಿಮೂರು, ಹದಿನಾಲ್ಕು, ಹದಿನೈದು, ಬೊಟ್ಟು.

“ಖೋಟಾ!” ಎಂದರು. “ಮರ್ವಿನ್ ಟಗ್ವೆಲ್ ಇನ್ನು ನಮ್ಮ ಸದಸ್ಯನಲ್ಲ.”

ಸಭೆಯಲ್ಲಿ ಗುಜುಗುಜು. ಡೆಸ್ಲಿ ಭಾರವಾದ ಹೆಜ್ಜೆ ಹಾಕುತ್ತ ಮುಂದೆ ಬಂದಳು.

ಮರ್ವ್ ಅಲುಗಲಿಲ್ಲ. “ಒಂದು ನಿಮಿಷ,” ಎಂದ. “ಖೋಟಾ ಅಂದ್ರಲ್ಲ, ಅಸಲಿ ಯಾವುದು ತೋರಿಸಿ. ನಿಮ್ಮದನ್ನ ಪಕ್ಕದಲ್ಲಿಡಿ ಡಾಕ್ಟರೇ. ಜನ ನೋಡಲಿ.”

“ಧಾರಾಳವಾಗಿ!” ಎಂದು ಡಾಕ್ಟರು ತಮ್ಮ ಹದಿನಾಲ್ಕರಲ್ಲಿ ಅತಿ ಚಂದದ್ದನ್ನು ಎತ್ತಿ ತಂದರು. ಬೊಟ್ಟಿಟ್ಟರು. ಹಣೆಯ ದೀಪ ಹಚ್ಚಿದರು. ಗಟ್ಟಿಯಾಗಿ ಎಣಿಸುತ್ತ ಹೊರಟರು. ಹನ್ನೆರಡರವರೆಗೆ ದನಿ ಗಂಟೆಯ ಹಾಗಿತ್ತು. ಹದಿಮೂರಕ್ಕೆ ನಿಧಾನವಾಯಿತು. ಹದಿನಾಲ್ಕಕ್ಕೆ ಪಿಸುಮಾತಾಯಿತು. ಹದಿನೈದನ್ನು ಅವರು ಹೇಳಲೇ ಇಲ್ಲ.

“ಏನು ಬಂತು?” ಎಂದ ಮರ್ವ್.

“ಬೆಳಕು ಸಾಲದು.”

ಮೈರಾ ಕಿಟಕಿಯ ಪರದೆ ಸರಿಸಿದಳು. ಬಿಸಿಲು ನುಗ್ಗಿತು. ಡಾಕ್ಟರು ಮತ್ತೆ ಎಣಿಸಿದರು. ಬಿಸಿಲಿನಲ್ಲೂ ಹದಿನೈದೇ ಇತ್ತು.

ಆಮೇಲೆ ನಡೆದದ್ದನ್ನು ನಾನು ಕಾರ್ಯದರ್ಶಿಯಾಗಿ ದಾಖಲಿಸಬೇಕಿತ್ತು, ಆದರೆ ನಾನೂ ಎಣಿಸಲು ಓಡಿದೆ. ಡಾಕ್ಟರು ತಮ್ಮ ಎರಡನೆಯದನ್ನು ಎಣಿಸಿದರು, ಮೂರನೆಯದನ್ನು ಎಣಿಸಿದರು. ಉಳಿದವರೆಲ್ಲ ಮೇಣದ ಉಂಡೆಗೆ ಮುಗಿಬಿದ್ದರು. ಒಬ್ಬನಿಗೆ ಮೇಣ ಸಿಗದೆ ಸ್ಕೋನಿನ ಜಾಮನ್ನೇ ಬೊಟ್ಟಿಟ್ಟು ಎಣಿಸಿದ. ಹದಿನೈದು! ನನ್ನದು ಕುದುರೆ ಸವಾರರ ಕುಳ್ಳ ಬಂದೂಕು, ನಮ್ಮ ಚಿಕ್ಕಪ್ಪ ನ್ಯೂಗಿನಿಯ ಬೂನಾದಿಂದ ಬೆನ್ನ ಮೇಲೆ ಹೊತ್ತು ತಂದದ್ದು. ಅದಕ್ಕೂ ಹದಿನೈದೇ. ಪುಣ್ಯಾತ್ಮ ಚಿಕ್ಕಪ್ಪ ಖೋಟಾ ಬಂದೂಕಿಗಾಗಿ ಮಲೇರಿಯಾ ಹಿಡಿಸಿಕೊಂಡನೇ ಎಂದು ನನಗೆ ದುಃಖ ಒತ್ತರಿಸಿ ಬಂತು.

“ಒಂದು ನಿಮಿಷ,” ಎಂದಳು ಡೆಸ್ಲಿ, ನಿಯಮ ಪುಸ್ತಕ ತಿರುವುತ್ತ. “ಇದರಲ್ಲಿ ‘ಅದೇ ಕ್ಷಣ ರದ್ದು’ ಅಂತಿದೆ. ಅಂದ್ರೆ ಡಾಕ್ಟರೇ, ನೀವೂ ಸದಸ್ಯರಲ್ಲ. ಕ್ಲೆಮ್, ನೀವೂ ಅಲ್ಲ. ಇಲ್ಲಿ ಹೂವಿರೋ ಬಂದೂಕು ತಂದೋರು ಯಾರೂ ಅಲ್ಲ. ಅಯ್ಯೋ ದೇವರೇ, ನನ್ನ ವ್ಯಾನು ಸಾಲಲ್ಲ.”

“ಹಾಗಾದ್ರೆ ಸಂಘದಲ್ಲಿ ಉಳಿದೋರು ಯಾರು?” ಎಂದೆ ನಾನು.

ಎಲ್ಲರ ತಲೆಯೂ ನಿಧಾನವಾಗಿ ಬಾಗಿಲಿನ ಕಡೆ ತಿರುಗಿತು. ಗಾಳಿ ಹೊಡೆಯುವ ಕುರ್ಚಿಯಲ್ಲಿ, ಬೋಳು ಬಂದೂಕನ್ನು ಮಡಿಲಲ್ಲಿಟ್ಟುಕೊಂಡು ಆರ್ಚ್ ಪೆಡ್ಲಿ ಲ್ಯಾಮಿಂಗ್ಟನ್ ತಿನ್ನುತ್ತಿದ್ದ. ಅವನ ಬಂದೂಕಿನಲ್ಲಿ ಹೂವೇ ಇರಲಿಲ್ಲ, ಆದ್ದರಿಂದ ಖೋಟಾ ಹೂವೂ ಇರಲಿಲ್ಲ. ಅವನು ಬೆರಳು ಚೀಪಿ, ನಿಧಾನವಾಗಿ ಎದ್ದು, ಮೂವತ್ತು ಅಡಿ ನಡೆದು ಬಂದು ಅಧ್ಯಕ್ಷರ ಕುರ್ಚಿಯಲ್ಲಿ ಕೂತ.

“ಮೊದಲನೇ ಠರಾವು,” ಎಂದ. “ಆ ಬಾಗಿಲು ಹಾಕಿ. ಹದಿನೆಂಟು ವರ್ಷದಿಂದ ಹೇಳ್ತಿದೀನಿ.”

ಬಾಗಿಲು ಹಾಕಿದರು. ಡಾಕ್ಟರೇ ಹೋಗಿ ಹಾಕಿದರು.

ಡೆಸ್ಲಿ ನಿಟ್ಟುಸಿರು ಬಿಟ್ಟು ಮರ್ವನ ಒಂಬತ್ತರಿಂದಲೇ ಶುರುಮಾಡಿದಳು. ಮೊದಲು ಎತ್ತಿಕೊಂಡದ್ದು ಅದೇ ಹಾಲಿನ ಫಾರ್ಮಿನ ಬಂದೂಕು. ಆಗ ನಾನು ಮರ್ವನ ಮುಖ ನೋಡಿದೆ. ಜಲಪ್ರಳಯದ ಪ್ರವಚನಕ್ಕೆ ತಲೆದೂಗಿದ ಮನುಷ್ಯ, ಈಗ ಕೈ ಎಲ್ಲಿಡಬೇಕೆಂದು ತಿಳಿಯದೆ ಜೇಬಿಗೆ ಹಾಕಿ, ತೆಗೆದು, ಮತ್ತೆ ಹಾಕುತ್ತಿದ್ದ.

“ಡೆಸ್ಲಿ, ಹಿಡಿಗೆ ಗೀರು ಬೀಳದ ಹಾಗೆ ಇಡ್ತೀಯಾ?” ಎಂದ. “ಕುಲುಮೆಗೆ ಹೋಗೋದೇ ಆದ್ರೂ, ದಾರೀಲಿ ಗೀರು ಬೀಳೋದು ಬೇಡ.”

ನಾಚಿಕೆಯಿಲ್ಲದೆ ಹೇಳುತ್ತೇನೆ, ಕಣ್ಣಲ್ಲಿ ನೀರು ಬಂತು.

“ಡೆಸ್ಲಿ, ಅದನ್ನ ಕೆಳಗಿಡು,” ಎಂದು ಹಿಂದಿನಿಂದ ಯಾರೋ ಹೇಳಿದರು.

ನೋಲೀನ್ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಒದ್ದೆ ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡು ನೇರವಾಗಿ ಮೇಜಿನ ಹತ್ತಿರ ಬಂದಳು.

“ಡಾಕ್ಟರೇ, ಕ್ರೋಶಾದಲ್ಲಿ ಸುತ್ತು ಎಣಿಸೋವಾಗ ನಾವೂ ಹೆಣಿಗೆಯ ಮೊದಲನೇ ಕಣ್ಣಿಗೆ ಒಂದು ಗುರುತಿನ ದಾರ ಕಟ್ತೀವಿ. ನೀವು ಮೇಣ ಇಡೋ ಹಾಗೆ.”

“ಅದಕ್ಕೂ ಇದಕ್ಕೂ ಏನಮ್ಮಾ ಸಂಬಂಧ?”

“ಗುರುತು ಕಟ್ಟಿದ ಕಣ್ಣೂ ಒಂದು ಕಣ್ಣೇ ಅಲ್ವಾ? ಅದನ್ನ ಬಿಟ್ಟು ಎಣಿಸಿದ್ರೆ ಸ್ವೆಟರಿಗೆ ಒಂದು ತೋಳು ಸಣ್ಣ ಆಗತ್ತೆ. ನಿಮ್ಮ ಈ ಮೇಣದ ಕೆಳಗೆ ಏನಿದೆ?”

ನೋಲೀನ್ ಹೆಬ್ಬೆರಳಿನ ಉಗುರಿನಿಂದ ಬೊಟ್ಟನ್ನು ಮೆಲ್ಲಗೆ ಎಬ್ಬಿಸಿದಳು. ಅದರ ಕೆಳಗೆ, ನೂರು ವರ್ಷದಿಂದ ಇದ್ದ ಜಾಗದಲ್ಲೇ, ಹದಿನಾರನೇ ಎಸಳು ಇತ್ತು.

ಅದುವರೆಗೆ ಗುಂಡು ಹಾರದ ನಮ್ಮ ಪ್ರದರ್ಶನದಲ್ಲಿ ಅಂಥ ಸದ್ದು ಎಂದೂ ಆಗಿರಲಿಲ್ಲ. ನಗುವವರು ನಕ್ಕರು, ಬೈಯುವವರು ಬೈದರು. ಜಾಮಿನ ಬೊಟ್ಟಿಟ್ಟವನು ಅದನ್ನು ನೆಕ್ಕಿ ನೋಡಿ ‘ಹದಿನಾರು!’ ಎಂದು ಕುಣಿದ. ಡಾಕ್ಟರು ಹಣೆಯ ದೀಪ ಆರಿಸುವುದನ್ನೂ ಮರೆತು ಗೋಡೆಯ ಕಡೆ ಮುಖ ಮಾಡಿ ನಿಂತರು, ಸಂಸ್ಥಾಪಕರ ಫೋಟೋದ ಮೇಲೆ ದುಂಡನೆಯ ಬೆಳಕು ಬಿತ್ತು. ಡೆಸ್ಲಿ ಹೊರಗೆ ಹೋಗಿ ವ್ಯಾನಿನ ಬಾಗಿಲು ಮುಚ್ಚಿ ಬಂದು ಎರಡು ಸ್ಕೋನು ತಿಂದಳು. ಎಲ್ಲರ ಸದಸ್ಯತ್ವವೂ ಇದ್ದ ಹಾಗೆಯೇ ಇತ್ತು. ಆದರೆ ಆರ್ಚ್ ಪೆಡ್ಲಿ ಮಾತ್ರ ಅಧ್ಯಕ್ಷರ ಕುರ್ಚಿಯಿಂದ ಏಳಲಿಲ್ಲ, ಏಳು ಎಂದು ಹೇಳುವ ಧೈರ್ಯ ಯಾರಿಗೂ ಬರಲಿಲ್ಲ.

ಗಲಾಟೆಯಲ್ಲಿ ನಾನು ಒಂದು ಕೆಲಸ ಮಾಡಿದೆ. ಸಂಸ್ಥಾಪಕರ ಕೈಬರಹದ ಮೂಲ ಪುಸ್ತಕವನ್ನು ಚೀಲದಿಂದ ತೆಗೆದು ಹನ್ನೊಂದನೇ ನಿಯಮ ನೋಡಿದೆ. ‘ಬೊಟ್ಟು ಸಿಕ್ಕಿದ ಕೂಡಲೇ ನಿಲ್ಲಬೇಕು’ ಎಂಬಲ್ಲಿಗೆ ಪುಟ ಮುಗಿದಿತ್ತು. ಹಾಳೆ ತಿರುವಿದೆ. ಮರುಪುಟದ ಮೊದಲ ಸಾಲಿನಲ್ಲಿ ನಡುಗುವ ಅಕ್ಷರದಲ್ಲಿ ಹೀಗಿತ್ತು: ‘ಕೊನೆಗೆ ಬೊಟ್ಟಿನ ಎಸಳೊಂದನ್ನು ಸೇರಿಸಿಕೊಳ್ಳುವುದು.’ ಟೈಪು ಮಾಡುವಾಗ ನಾನು ಆ ಹಾಳೆಯನ್ನು ತಿರುವಿರಲಿಲ್ಲ. ಪುಸ್ತಕವನ್ನು ಚೀಲದ ತಳಕ್ಕೆ ತಳ್ಳಿ, ಖಾಲಿ ಕಪ್ಪುಗಳ ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ನಡೆದೆ. ಇಂಥ ಹೊತ್ತಿನಲ್ಲಿ ಮನುಷ್ಯ ಯಾವುದಾದರೂ ಉಪಯೋಗದ ಕೆಲಸದಲ್ಲಿ ಕಾಣಿಸಿಕೊಳ್ಳುವುದು ಒಳ್ಳೆಯದು.

ನೋಲೀನ್ ಒಬ್ಬಳೇ ಕಪ್ಪು ತೊಳೆಯುತ್ತಿದ್ದಳು. ನಲ್ಲಿ ಜೋರಾಗಿ ಸುರಿಯುತ್ತಿತ್ತು.

“ನಿಂಗೆ ಯಾವಾಗ ಗೊತ್ತಾಯ್ತು?” ಎಂದೆ.

“ಮೊದಲನೇ ದಿನಾನೇ. ನಮ್ಮ ಅಡುಗೆಮನೇಲಿ, ನೀನು ಹಲ್ಲುಜ್ಜೋದು ಬಿಟ್ಟು ಬಂದ್ಯಲ್ಲ, ಆಗ್ಲೇ.”

“ಮತ್ತೆ ಇಷ್ಟು ದಿನ ಯಾಕೆ ಸುಮ್ನಿದ್ದೆ? ಹೊಲಿಗೆ ಕೋಣೆ ಸಿಗತ್ತೆ ಅಂತಾನಾ?”

ಅವಳು ತಿರುಗಿ ನನ್ನನ್ನು ನೋಡಿದ ರೀತಿಗೆ ನಾನು ಒಂದು ಹೆಜ್ಜೆ ಹಿಂದೆ ಸರಿದೆ.

“ಇಪ್ಪತ್ತಾರು ವರ್ಷ ಕ್ಲೆಮ್. ಜನರ ಹಿತ್ತಲಿಗೆ ಹೋಗಿ, ನಾಯಿ ಕೈಲಿ ಬೊಗಳಿಸ್ಕೊಂಡು, ಬಗ್ಗಿ ಮೀಟರು ಓದಿ, ಆಮೇಲೆ ಬೈಸ್ಕೊಂಡು ಮನೆಗೆ ಬರ್ತಿದ್ದ. ಬಂದು ನನ್ನ ಎದುರಿಗೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಕೂರ್ತಿದ್ದ. ಈ ಮೂರು ವಾರ ಜನ ಅವನನ್ನ ಒಳಗೆ ಕರೆದು ಕುರ್ಚಿ ಹಾಕಿ ಮಾತಾಡಿಸಿದ್ರು. ಬೆಳಿಗ್ಗೆ ಗಡ್ಡ ಕೆರ್ಕೊಳ್ಳೋವಾಗ ಶಿಳ್ಳೆ ಹೊಡೀತಿದ್ದ. ಒಂದು ಎಸಳು ತಾನೇ. ನಾನೇ ಹೇಳಿ ಅದನ್ನ ಕಿತ್ಕೋಬೇಕಿತ್ತಾ?” ಅವಳು ಮತ್ತೊಂದು ಕಪ್ಪು ಎತ್ತಿಕೊಂಡಳು. “ಇವತ್ತು ಕಿತ್ಕೊಂಡೆ. ಬಂದೂಕು ಉಳೀತು. ಆದ್ರೆ ಈಗ ಅವನದ್ದೂ ಎಲ್ಲರದ್ದರ ಹಾಗೇ ಒಂದು. ಮನೆಗೆ ಹೋದ್ಮೇಲೆ ಅವನ ಮುಖ ಹೇಗೆ ನೋಡ್ಲಿ ಅಂತ ಯೋಚಿಸ್ತಿದೀನಿ.”

ಮೂವತ್ತು ವರ್ಷ ಪಕ್ಕದ ಮನೆಯಲ್ಲಿದ್ದೂ ಈ ಹೆಂಗಸು ಏನೆಂದು ನಾನು ತಿಳಿದಿರಲಿಲ್ಲ.

ಆಗ ಸಭಾಂಗಣದಿಂದ ಮರ್ವನ ದನಿ ಬಂತು. ಪತ್ರಿಕೆಯವನು ಪೆನ್ನು ಹಿಡಿದು ನಿಂತಿರಬೇಕು, ಏಕೆಂದರೆ ಮರ್ವ್ ಬರೆದುಕೊಳ್ಳುವಷ್ಟು ನಿಧಾನವಾಗಿ ಮಾತಾಡುತ್ತಿದ್ದ.

“ಹನ್ನೊಂದನೇ ನಿಯಮದಲ್ಲಿ ಲೋಪ ಇದೆ ಅಂತ ನಂಗೆ ಮೊದಲಿಂದ ಅನುಮಾನ. ಆದ್ರೆ ಬರೀ ಬಾಯಲ್ಲಿ ಹೇಳಿದ್ರೆ ಯಾರು ಕೇಳ್ತಾರೆ? ಅದಕ್ಕೇ ಹದಿನೈದು ಅಂತ ಸಾರಿದೆ. ಇಡೀ ಸಂಘ ಎದ್ದು ಕೂತು ಎಣಿಸೋ ಹಾಗೆ ಮಾಡಿದೆ. ಇಪ್ಪತ್ತು ವರ್ಷದಲ್ಲಿ ಯಾರಾದ್ರೂ ಎಣಿಸಿದ್ರಾ? ಬರ್ಕೊಳ್ಳಿ, ಟಗ್ವೆಲ್‌ಗೆ ಎರಡು ‘ಲ್’...”

ಅದು ಅಪ್ಪಟ ಸುಳ್ಳು. ಅದನ್ನು ಅಲ್ಲಗಳೆಯಲು ಬೇಕಾದ ದಾಖಲೆ ಇಡೀ ಊರಿನಲ್ಲಿ ಒಬ್ಬನ ಚೀಲದಲ್ಲಿ ಮಾತ್ರ ಇತ್ತು. ನಾನು ಒರೆಸುವ ಬಟ್ಟೆ ಎತ್ತಿಕೊಂಡು ಕಪ್ಪು ಒರೆಸತೊಡಗಿದೆ.

ನೋಲೀನ್ ಕೈ ಚಾಚಿ ನಲ್ಲಿ ನಿಲ್ಲಿಸಿದಳು.

“ಕಪ್ಪಿನ ಸದ್ದು ಮಾಡಬೇಡ ಕ್ಲೆಮ್,” ಎಂದಳು. “ಸರಿಯಾಗಿ ಕೇಳಿಸ್ತಿಲ್ಲ.”